ಬಣ್ಣ ಹಚ್ಚಿದ ಬಾಯಿ

ಬಸಕ್ಕನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಹಾಲಿನವನು ನೀರು ಬೆರೆಸುತ್ತಾನೆ, ಗಿರಣಿಯವನು ಜೋಳ ಬದಲಿಸುತ್ತಾನೆ, ಮೊಮ್ಮಗಳು ಸ್ಫೂರ್ತಿ ಓದುತ್ತೇನೆಂದು ಹೇಳಿ ಮೊಬೈಲ್ ನೋಡುತ್ತಾಳೆ, ಸೊಸೆ ರೇಣುಕಮ್ಮ ಅರ್ಧ ಮಾತು ಹೇಳಿ ಅರ್ಧ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾಳೆ. ಹತ್ತಕ್ಕೆ ಒಂಬತ್ತು ಸಲ ಅವಳ ಅನುಮಾನ ಸುಳ್ಳಾಗುತ್ತಿತ್ತು. ಹತ್ತನೆಯದು ನಿಜವಾಗಿಬಿಡುತ್ತಿದ್ದುದರಿಂದ ಅವಳ ಬಾಯಿ ಮುಚ್ಚಿಸುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಇಂಥವಳ ಕಣ್ಣೆದುರಿಗೇ ಗಂಡ ಎರ್ರಿಯಪ್ಪ ಒಂದು ಬೆಳಿಗ್ಗೆ ಅಟ್ಟ ಹತ್ತಿ, ಹದಿನೈದು ವರ್ಷದಿಂದ ಯಾರೂ ಮುಟ್ಟದ ಟ್ರಂಕು ಇಳಿಸಿ, ಅದರಿಂದ ಯಮನ ಕಿರೀಟ ತೆಗೆದು ಒರೆಸಲು ಕುಳಿತ.

"ಏನ್ರಿ ಅದು? ಈ ವಯಸ್ಸಿನಾಗ ಯಾವ ಆಟ?"

"ಆಟ ಅಲ್ಲಲೇ. ರೈಲ್ವೆಯವರು ಕರದಾರ."

"ರಿಟೈರ್ ಆಗಿ ನಾಕು ವರ್ಷ ಆತು. ಈಗ ನಿಮ್ಮ ನೆನಪು ಯಾಕ ಬಂತು ಅವರಿಗೆ? ಏನೋ ಐತಿ ಇದರಾಗ."

ಎರ್ರಿಯಪ್ಪ ಮೂವತ್ತೊಂದು ವರ್ಷ ರೈಲ್ವೆ ಗ್ಯಾಂಗಿನಲ್ಲಿ ದುಡಿದವನು. ಹಳಿಯ ಕೀಲಿ ಬಿಗಿ ಮಾಡುವುದು, ಜಲ್ಲಿ ತುಂಬುವುದು ಅವನ ಕೆಲಸ. ಅದರ ಜತೆಗೆ ಹೇಳಿಕೊಳ್ಳಲಾಗದ ಇನ್ನೊಂದು ಕೆಲಸವೂ ಇತ್ತು. ಹಳಿಯ ಮೇಲೆ ಯಾರಾದರೂ ಸತ್ತರೆ ಡ್ರೈವರ್ ಸ್ಟೇಷನ್ನಿಗೆ ತಿಳಿಸುತ್ತಾನೆ, ಸ್ಟೇಷನ್ನಿನವರು ಪೊಲೀಸರಿಗೆ ಚೀಟಿ ಕಳಿಸುತ್ತಾರೆ, ಪೊಲೀಸರು ಬರುವ ತನಕ ನಾಯಿ ಮುಟ್ಟದ ಹಾಗೆ ಹೆಣ ಕಾಯಲು ಗ್ಯಾಂಗಿನವನೊಬ್ಬನನ್ನು ನಿಲ್ಲಿಸುತ್ತಾರೆ. ಆ ಒಬ್ಬ ಹೆಚ್ಚಾಗಿ ಎರ್ರಿಯಪ್ಪನೇ ಆಗಿರುತ್ತಿದ್ದ. ಹತ್ತೊಂಬತ್ತು ಸಲ ಹಾಗೆ ನಿಂತಿದ್ದ. ಆ ದಿನಗಳಲ್ಲಿ ಹಿತ್ತಲಲ್ಲೇ ಸ್ನಾನ ಮಾಡಿ, ಊಟ ಒಲ್ಲೆನೆಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಮನೆಯವರು ಕೇಳುತ್ತಿರಲಿಲ್ಲ, ಅವನೂ ಹೇಳುತ್ತಿರಲಿಲ್ಲ.

ಅವರ ಮನೆ ಇದ್ದದ್ದು ಹೊಸಪೇಟೆಯ ಅಂಚಿನ ಸಿಗ್ನಲ್ ಓಣಿಯಲ್ಲಿ. ಓಣಿ ಹಳಿಯ ಒಂದು ಕಡೆ. ಪೇಟೆ, ಆಸ್ಪತ್ರೆ, ಕಾಲೇಜು ಇನ್ನೊಂದು ಕಡೆ. ಮೊದಲಿದ್ದ ಗೇಟನ್ನು ಮುಚ್ಚಿ, ಮುಕ್ಕಾಲು ಮೈಲಿ ಆಚೆ ಅಂಡರ್ ಬ್ರಿಡ್ಜ್ ಮಾಡಿದ್ದರು. ಜನ ಹಳಿ ದಾಟಬಾರದೆಂದು ಉದ್ದಕ್ಕೂ ಗೋಡೆ ಎಬ್ಬಿಸಿದರು. ಎಂಟು ದಿನದಲ್ಲಿ ಗೋಡೆಗೆ ಒಬ್ಬ ಮನುಷ್ಯ ಹಾಯುವಷ್ಟು ಕಂಡಿ ಬಿತ್ತು. ಯಾರು ಕೆಡವಿದರೋ ದೇವರಿಗೇ ಗೊತ್ತು ಎಂದರು. ಊರಿಗೆಲ್ಲ ಗೊತ್ತಿರುವುದನ್ನು ದೇವರ ತಲೆಗೆ ಕಟ್ಟುವುದು ಆ ಓಣಿಯ ಪದ್ಧತಿ. ಕಂಡಿ ಮುಚ್ಚಿದರು, ಮತ್ತೆ ಬಿತ್ತು. ಬೋರ್ಡು ಹಾಕಿದರು, ದಂಡ ಹಾಕಿದರು, ಮೈಕಿನಲ್ಲಿ ಕೂಗಿದರು. ಒಂದೇ ವರ್ಷದಲ್ಲಿ ಆ ಕಂಡಿಯೆದುರು ಮೂವರು ಹೋದರು. ಮೂರನೆಯವನು ಅದೇ ಓಣಿಯ ರಾಯಣ್ಣ. ಮಗಳ ಜ್ವರಕ್ಕೆ ಗುಳಿಗೆ ತರಲು ಅವಸರದಲ್ಲಿ ಹೊರಟವನು.

ಅದಾದ ಮೇಲೆ ರೈಲ್ವೆ ರಕ್ಷಣಾ ದಳದ ಶಂಭುಲಿಂಗ ಸಾಹೇಬರು ಎರ್ರಿಯಪ್ಪನ ಮನೆಗೆ ಬಂದು ಕಟ್ಟೆಯ ಮೇಲೆ ಕೂತಿದ್ದರು.

"ಬೋರ್ಡು ಯಾರೂ ಓದಂಗಿಲ್ಲ ಎರ್ರಿಯಪ್ಪ. ನಿನ್ನ ಯಮನ ಪಾತ್ರ ಕಂಪ್ಲಿ ಸೀಮಿಗೆಲ್ಲ ಗೊತ್ತೈತಿ. ಒಂದು ತಿಂಗಳು ಆ ಕಂಡಿ ಹತ್ರ ನಿಲ್ಲು. ದಾಟಾಕ ಬಂದವರಿಗೆ ನಾಕು ಮಾತು ಹೇಳು. ಸತ್ತ ಮ್ಯಾಲೆ ಕಾಯೋದು ಭಾಳ ಮಾಡೀಯಲ್ಲ. ಸಾಯೋಕ್ಕಿಂತ ಮುಂಚಿ ಕಾಯಿ ಒಮ್ಮೆ."

ಕೊನೆಯ ಮಾತು ಎರ್ರಿಯಪ್ಪನ ಎದೆಗೆ ನಾಟಿತು. ಅವನು ಒಪ್ಪಿಕೊಂಡ.

ಬಸಕ್ಕ ಒಪ್ಪಲಿಲ್ಲ. ಬಯಲಾಟದಲ್ಲಿ ಯಮನ ವೇಷಕ್ಕೆ ಎರಡು ಕಟ್ಟುಪಾಡುಗಳುಂಟು. ಮೆಟ್ರಿಯ ಚನ್ನಯ್ಯ ಮಾಸ್ತರರು ತಾಲೀಮಿನ ಮೊದಲ ದಿನವೇ ಎರ್ರಿಯಪ್ಪನ ಕೈಯಲ್ಲಿ ಕರ್ಪೂರ ಹಚ್ಚಿಸಿ ಅವನ್ನು ಹೇಳಿಕೊಟ್ಟಿದ್ದರು. ಬಣ್ಣ ತೊಳೆಯದೆ ಮನೆಯ ಹೊಸ್ತಿಲು ತುಳಿಯಬಾರದು. ಬಣ್ಣ ಹಚ್ಚಿದ ಬಾಯಿಂದ ಬದುಕಿರುವ ಯಾರ ಹೆಸರನ್ನೂ ಕರೆಯಬಾರದು. ಯಮ ಹೆಸರು ಹಿಡಿದು ಕರೆದರೆ ಕರೆಸಿಕೊಂಡವರು ಹೋಗಲೇಬೇಕು.

"ದಿನಾ ಓಣಿ ಮಂದಿ ಮುಂದ ನಿಲ್ತೀರಿ. ಎಲ್ಲಾರೂ ಗುರ್ತಿನವರು. ಬಾಯಿ ತಪ್ಪಿ ಒಬ್ಬರ ಹೆಸರು ಬಂದ್ರ?"

"ಮೂವತ್ತು ವರ್ಷ ಬಂದಿಲ್ಲ. ಈಗ ಬರ್ತದೇನು?"

"ಮುಪ್ಪಿನ ಬಾಯಿ. ನನಗ ನಂಬಿಕಿಲ್ಲ. ಜಂಬುನಾಥನ ಮ್ಯಾಲೆ ಕೈ ಇಟ್ಟು ಆಣಿ ಮಾಡ್ರಿ."

ಮಗ ಜಂಬುನಾಥ ಸಂಡೂರಿನ ಗಣಿಯಲ್ಲಿ ಟಿಪ್ಪರ್ ಓಡಿಸಿ ಆಗಷ್ಟೇ ಬಂದು ರೊಟ್ಟಿ ಮುರಿಯುತ್ತಿದ್ದ. ಮೈಯೆಲ್ಲ ಕೆಂಪು ಧೂಳು. ಅಪ್ಪ ಬಂದು ತಲೆಯ ಮೇಲೆ ಕೈ ಇಟ್ಟರೆ, "ಆಣಿ ಗೀಣಿ ಆಮ್ಯಾಲೆ ಮಾಡ್ರಿ, ಪಲ್ಯಾದಾಗ ಕೂದ್ಲ ಬೀಳ್ತದ" ಎಂದ. ಆಣೆ ಆಯಿತು.

ಮೊದಲ ದಿನ ಓಣಿಗೆ ಓಣಿಯೇ ನೋಡಲು ಹೋಯಿತು. ಕರಿ ಬಣ್ಣ, ಕೆಂಪು ಕಣ್ಣು, ಗೇಣುದ್ದದ ಮೀಸೆ, ಹೆಗಲ ಮೇಲೆ ಗದೆ. ಕಂಡಿಯಲ್ಲಿ ತೂರಲು ಬಂದ ಮೊದಲನೆಯವನ ತೋಳು ಹಿಡಿದು ಎರ್ರಿಯಪ್ಪ ಗುಡುಗಿದ:

"ಎಲವೋ ನರನೇ! ಚಿತ್ರಗುಪ್ತನ ಪುಸ್ತಕದಲ್ಲಿ ನಿನ್ನ ಪುಟ ಬರಲು ಇನ್ನೂ ನಲವತ್ತು ವರ್ಷವಿರುವಾಗ, ನನ್ನ ಪಟ್ಟಣಕ್ಕೆ ಬರಲು ಇದೇನು ಆತುರ? ಕಬ್ಬಿಣದ ಅದಿರು ಹೊತ್ತ ಬಂಡಿಯು ನಿನ್ನನ್ನು ಕಂಡು ನಿಲ್ಲಬೇಕಾದರೆ ಅರ್ಧ ಹರಿದಾರಿ ಬೇಕೆಂಬುದನ್ನು ಅರಿಯೆಯಾ? ತಿರುಗು ಹಿಂದಕ್ಕೆ!"

ಜನ ನಕ್ಕರು, ಫೋಟೋ ಹೊಡೆದುಕೊಂಡರು. ನಕ್ಕವರೂ ಹಿಂದಿರುಗಿ ಅಂಡರ್ ಬ್ರಿಡ್ಜಿನ ದಾರಿ ಹಿಡಿದರು. ಎರಡನೆಯ ವಾರದ ಹೊತ್ತಿಗೆ ಕಂಡಿಯಲ್ಲಿ ತೂರುವವರು ಎಣಿಸಿದರೆ ನಾಲ್ಕೈದು ಮಂದಿ. ಎರ್ರಿಯಪ್ಪ ಮಧ್ಯಾಹ್ನ ಹಿತ್ತಲ ನಲ್ಲಿಯಲ್ಲಿ ಬಣ್ಣ ತೊಳೆದು ಒಳಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ಉಣ್ಣತೊಡಗಿದ. ಹಾಡಿಕೊಳ್ಳುತ್ತಲೂ ಇದ್ದ.

ಬಸಕ್ಕನ ಕಣ್ಣು ಆಗ ಸೊಸೆಯ ಮೇಲೆ ಬಿತ್ತು.

ರೇಣುಕಮ್ಮ ದಿನಾ ನಸುಕಿನಲ್ಲೆದ್ದು ನೂರು ಜೋಳದ ರೊಟ್ಟಿ ಬಡಿದು, ಬಿಸಿ ಆರದ ಹಾಗೆ ಬಟ್ಟೆ ಸುತ್ತಿ, ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ಪೇಟೆಯ ಪಂಪೇಶನ ಖಾನಾವಳಿಗೆ ಕೊಟ್ಟು ಬರುತ್ತಿದ್ದಳು. ಕಂಡಿಯಲ್ಲಿ ದಾಟಿದರೆ ಹತ್ತು ನಿಮಿಷದ ದಾರಿ. ಮಾವ ಯಮನಾಗಿ ನಿಂತ ಮೇಲೆ, "ನಾನೂ ಅಂಡರ್ ಬ್ರಿಡ್ಜಿನಾಗ ಹೋಗಿ ಬರ್ತೀನ್ರಿ" ಎಂದಿದ್ದಳು. ಬಸಕ್ಕ ಗೋಡೆ ಗಡಿಯಾರ ನೋಡಿದಳು. ಹತ್ತೂ ಮುಕ್ಕಾಲಿಗೆ ಹೋದವಳು ಹನ್ನೊಂದೂ ಕಾಲಿಗೆ ಮನೆಯಲ್ಲಿ. ಸೀರೆಯ ಅಂಚು ನೋಡಿದಳು. ಅಂಡರ್ ಬ್ರಿಡ್ಜಿನಲ್ಲಿ ಕಾಲುವೆಯ ಬಸಿನೀರು ಸದಾ ನಿಂತಿರುತ್ತದೆ ಎಂದು ಪಕ್ಕದ ಮನೆಯ ಪಕೀರಮ್ಮ ಹೇಳುತ್ತಾಳೆ. ಇವಳ ಅಂಚಿಗೆ ಹನಿ ಕೆಸರಿಲ್ಲ.

ಮೂರು ದಿನ ನೋಡಿ ನಾಲ್ಕನೆಯ ದಿನ ಊಟಕ್ಕೆ ಕೂತಾಗ ಬಿಚ್ಚಿದಳು.

"ಅಲ್ಲವಾ, ಅಷ್ಟು ದೂರ ಅರ್ಧ ತಾಸಿನಾಗ ಹೆಂಗ ಹೋಗಿ ಬರ್ತೀ?"

"ಜಲ್ದಿ ನಡಿತೀನಿ ಅತ್ತಿ."

"ಕಾಲಿಗೆ ಕೆಸರು ಹತ್ತಂಗ ನಡಿಯೋದು ಗೊತ್ತೈತಿ. ಹತ್ತದಂಗ ನಡಿಯೋದು ಹೆಂಗ? ಯಾರರ ಬೈಕಿನ ಮ್ಯಾಲೆ ಬಿಡ್ತಾರೇನು?"

ಜಂಬುನಾಥ ತುತ್ತು ಹಿಡಿದ ಕೈ ಕೆಳಗಿಳಿಸಿದ. "ಯಾರ ಬೈಕು?"

"ಯಾರದೂ ಇಲ್ಲ."

"ಇಲ್ಲ ಅಂದ್ರ ಹೆಂಗ? ಅವ್ವ ಸುಮ್ಮಸುಮ್ನ ಕೇಳ್ತಾಳೇನು?"

"ಅಜ್ಜಿ ಸುಮ್ಮಸುಮ್ನ ಕೇಳೋದು ಹೊಸದಾ?" ಎಂದಳು ಸ್ಫೂರ್ತಿ. "ಮೊನ್ನಿ ನನ್ನ ಕಾಲೇಜ್ ಆಟೋದವ ಎರಡು ಸಲ ಹಾರ್ನ್ ಹೊಡದ ಅಂತ ಅವನ ಜಾತಕ ಕೇಳಿದ್ಲು."

"ನೀ ಉಣ್ಣು. ದೊಡ್ಡೋರ ಮಾತಿನಾಗ ಬರಬ್ಯಾಡ," ಎಂದಳು ಬಸಕ್ಕ.

ರೇಣುಕಮ್ಮ ತಲೆ ಬಗ್ಗಿಸಿ ಎಲ್ಲರಿಗೂ ಮಜ್ಜಿಗೆ ಬಡಿಸಿದಳು. ಮೌನವೆಂದರೆ ಬಸಕ್ಕನಿಗೆ ಹೌದೆಂದ ಹಾಗೆ. ಜಂಬುನಾಥ ಆ ವಾರವೆಲ್ಲ ಹೆಂಡತಿಯ ಮೊಬೈಲ್ ಎತ್ತಿ ನೋಡುವುದು, ಪಂಪೇಶನಿಗೆ ಮದುವೆ ಆಗಿದೆಯೇ ಎಂದು ಸುತ್ತಿ ಬಳಸಿ ಕೇಳುವುದು ನಡೆಸಿದ. ನಿಜ ಇದ್ದದ್ದು ಇಷ್ಟೇ: ಅವಳು ಕಂಡಿಯನ್ನು ಬಿಟ್ಟು, ಗೋಡೆ ಮುಗಿಯುವ ಸಿಗ್ನಲ್ ಕಂಬದ ಹತ್ತಿರ ಹಳಿ ದಾಟುತ್ತಿದ್ದಳು. ಮಾವ ಯಮನಾಗಿ ನಿಂತು ಊರಿಗೆ ಬುದ್ಧಿ ಹೇಳುವಾಗ ಸೊಸೆಯೇ ಹೀಗೆ ಮಾಡುತ್ತಾಳೆಂದು ಗೊತ್ತಾದರೆ ಅವನ ಮರ್ಯಾದೆ ಏನಾದೀತು ಎಂದು ಬಾಯಿ ಬಿಡಲಿಲ್ಲ. ಬೈಕಿನ ಅಪವಾದವೇ ವಾಸಿ ಅಂದುಕೊಂಡಳು. ತಪ್ಪು ಲೆಕ್ಕ. ಆದರೆ ಆ ಮನೆಯಲ್ಲಿ ಸರಿ ಲೆಕ್ಕ ಹಾಕಲು ಯಾರು ಬಿಟ್ಟಿದ್ದರು?

ಗುರುವಾರ ಹನ್ನೊಂದರ ಹೊತ್ತಿಗೆ ಎರ್ರಿಯಪ್ಪ ಕಂಡಿಯ ಬಳಿ ನಿಂತಿದ್ದ. ಹತ್ತಿರದ ಹಳಿಯಲ್ಲಿ ಅದಿರಿನ ಗೂಡ್ಸ್ ಗಾಡಿ ದಡದಡನೆ ಸಾಗುತ್ತಿತ್ತು. ಇನ್ನೂರು ಹೆಜ್ಜೆ ಆಚೆ, ಸಿಗ್ನಲ್ ಕಂಬದ ಕೆಳಗೆ, ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸೊಬ್ಬಳು ಗೂಡ್ಸ್ ಮುಗಿಯುವುದನ್ನೇ ಕಾಯುತ್ತಿದ್ದಳು. ಆಚೆ ಹಳಿಯಲ್ಲಿ ಎದುರು ದಿಕ್ಕಿನಿಂದ ಎಕ್ಸ್‌ಪ್ರೆಸ್ ಬರುತ್ತಿದ್ದದ್ದು ಡಬ್ಬಿಗಳ ಸಂದಿಯಲ್ಲಿ ಅವನಿಗೆ ಕಂಡಿತು, ಅವಳಿಗೆ ಕಾಣದು. ಗೂಡ್ಸಿನ ಸದ್ದಿನಲ್ಲಿ ಅದರ ಹಾರ್ನ್ ಮುಳುಗಿತ್ತು. ಕೊನೆಯ ಡಬ್ಬಿ ದಾಟಿದ್ದೇ ತಡ, ಅವಳು ಹೆಜ್ಜೆ ಹಾಕಿದಳು. ಮೂವತ್ತೊಂದು ವರ್ಷ ಎರ್ರಿಯಪ್ಪ ಕಂಡದ್ದು ಹೆಚ್ಚಾಗಿ ಇದೇ ಸಾವು. ಒಂದು ಗಾಡಿ ಹೋಯಿತೆಂದು ಇನ್ನೊಂದರ ಎದುರು ಹೋಗುವವರ ಸಾವು.

ಅವನು ಕಿರೀಟ ಹಿಡಿದುಕೊಂಡು ಓಡಿದ. "ನಿಲ್ಲವ್ವಾ! ಏ ಯವ್ವಾ! ತಂಗೀ!"

ಓಣಿಯಲ್ಲಿ ಎಲ್ಲರೂ ಎಲ್ಲರಿಗೂ ಯವ್ವಾ, ತಂಗೀ. ಅವಳು ತಿರುಗಲಿಲ್ಲ. ಬುಟ್ಟಿ ಹೊತ್ತವರ ಕತ್ತು ಸುಲಭಕ್ಕೆ ತಿರುಗುವುದೂ ಇಲ್ಲ. ಮೊದಲ ಹಳಿ ದಾಟಿ ಎರಡನೆಯದರತ್ತ ಕಾಲೆತ್ತಿದಾಗ ನಡಿಗೆಯಿಂದ ಅವನಿಗೆ ಗುರುತು ಸಿಕ್ಕಿತು. ಹೊಟ್ಟೆಯೊಳಗಿಂದ ಕೂಗು ಎದ್ದು ಬಂತು.

"ರೇಣುಕಾ!"

ಅವಳು ನಿಂತಳು. ಇಡೀ ಮೈ ತಿರುಗಿಸಿ ನೋಡಿದಳು. ಅವಳ ಬೆನ್ನ ಹಿಂದೆ ಎಕ್ಸ್‌ಪ್ರೆಸ್ ಹಾದುಹೋಯಿತು. ಗಾಳಿಗೆ ಬುಟ್ಟಿ ಹಾರಿ ನೂರು ರೊಟ್ಟಿಯೂ ಜಲ್ಲಿಯ ಮೇಲೆ ಬಿದ್ದವು. ಅವಳು ಅಲ್ಲೇ ಕುಸಿದು ಕೂತಳು. ಯಮ ಓಡಿ ಬಂದು ಅವಳ ರಟ್ಟೆ ಹಿಡಿದೆತ್ತಿ, ಗೋಡೆಯ ಪಕ್ಕಕ್ಕೆ ತಂದು ಕೂರಿಸಿ, ತಾನೂ ಕೂತ. ಉಳಿದಳೆಂಬ ಸಂತೋಷ ಅರ್ಧ ನಿಮಿಷ ಇತ್ತು. ಆಮೇಲೆ ತನ್ನ ಬಾಯಿ ಮುಟ್ಟಿ ನೋಡಿಕೊಂಡ. ಬೆರಳಿಗೆ ಕರಿ ಬಣ್ಣ ಹತ್ತಿತು.

ಮನೆಗೆ ಸುದ್ದಿ ಅವರಿಗಿಂತ ಮೊದಲು ಬಂದಿತ್ತು. ಪಕೀರಮ್ಮನ ಕಾಲಿಗೆ ರೈಲಿಗಿಂತ ವೇಗ.

"ಹೆಸರು ಹಿಡದು ಕರದ್ರೇನು?" ಬಸಕ್ಕ ಹಿತ್ತಲಲ್ಲೇ ಗಂಡನನ್ನು ತಡೆದಳು.

"ಕರೀದಿದ್ರ ಈಗ ಹೆಣ ಕಾಯ್ತಾ ನಿಂತಿರ್ತಿದ್ದೆ."

"ಅದು ನನಗ ಗೊತ್ತೈತಿ. ಹೆಸರು ಹಿಡದ್ರೋ ಇಲ್ಲೋ?"

"ಹಿಡದೆ."

ಬಸಕ್ಕ ನೆಲಕ್ಕೆ ಕೂತಳು. ಹಳಿ ದಾಟಿದ್ದಕ್ಕೆ ಬಯ್ಯಬೇಕೋ, ಬದುಕಿದ್ದಕ್ಕೆ ತಬ್ಬಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ. ಎರಡನ್ನೂ ಮಾಡಲಿಲ್ಲ.

ಸಂಜೆ ಶಂಭುಲಿಂಗ ಸಾಹೇಬರು ಬಂದು ರೇಣುಕಮ್ಮನಿಂದ ಎಚ್ಚರಿಕೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಹೋಗುವಾಗ ಹೇಳಿದರು: "ಆ ಗಾಡಿ ಡ್ರೈವರ್ ಮುಂದಿನ ಸ್ಟೇಷನ್ನಿನಾಗ ಇಳದು ಕೂತುಬಿಟ್ಟಿದ್ದ. 'ಆ ಹೆಣ್ಮಗಳು ಉಳಿದಾಳೇನು, ಪೆಟ್ಟು ಏನರ ಆಗೈತೇನು ಕೇಳಿ ಹೇಳ್ರಿ, ಆಮ್ಯಾಲೆ ಗಾಡಿ ಹತ್ತುತೀನಿ' ಅಂದ. ಕಡೀಗೆ ಬ್ಯಾರೆ ಡ್ರೈವರನ್ನ ಕಳಿಸಿ ಅವನಿಗೆ ರೆಸ್ಟ್ ಕೊಟ್ರು. ಏನವಾ, ಪೆಟ್ಟು ಆಗೈತೇನು?"

"ಮೊಣಕಾಲು ತರಚೈತಿ ಸಾರ್," ಎಂದಳು ರೇಣುಕಮ್ಮ. ಹೇಳಿ ಅತ್ತಳು. ಬೆಳಗಿನಿಂದ ಅವಳಿಗೆ ಪೆಟ್ಟಾಗಿದೆಯೇ ಎಂದು ಕೇಳಿದವನು ಮುಖ ಕಾಣದ ಆ ಡ್ರೈವರ್ ಒಬ್ಬನೇ.

ಮುಂದಿನ ದಿನಗಳಲ್ಲಿ ಮನೆ ಅವಳ ಸುತ್ತ ಪಹರೆ ಕೂತಿತು. ಒಲೆ ಮುಂದೆ ಒಬ್ಬಳೇ ಕೂರಬೇಡ, ಸೀರೆಗೆ ಬೆಂಕಿ ಹತ್ತೀತು. ನೀರಿನ ತೊಟ್ಟಿಯ ಹತ್ತಿರ ಹೋಗಬೇಡ, ಕಾಲು ಜಾರೀತು. ಕರೆಂಟಿನ ಗುಂಡಿ ಒತ್ತಬೇಡ. ಬಸಕ್ಕ ಸೊಸೆಯ ತೋಳಿಗೆ ತಾಯತ ಕಟ್ಟಿದಳು. ಅವಳ ತಟ್ಟೆಯ ಅನ್ನವನ್ನು ತಾನು ಮೊದಲು ಒಂದು ತುತ್ತು ತಿಂದು ನೋಡಿದಳು. ಪ್ರೀತಿಯೋ ಸಂಶಯವೋ, ಆ ಮುದುಕಿಯಲ್ಲಿ ಎರಡಕ್ಕೂ ಒಂದೇ ಮುಖ.

"ಅಜ್ಜಿ, ಅವ್ವ ಕೈದಿ ಅಲ್ಲ," ಎಂದಳು ಸ್ಫೂರ್ತಿ.

"ಕೈದಿ ಆದ್ರೂ ಜೀವಂತ ಇರ್ಲಿ."

ಜಂಬುನಾಥನದು ಬೇರೆ ಹುಳ. ಬೈಕು ಸುಳ್ಳಾಯಿತು, ಸಂಶಯ ಉಳಿಯಿತು. "ರೊಟ್ಟಿ ತಡ ಆದ್ರ ಪಂಪೇಶನ ಖಾನಾವಳಿ ಮುಳುಗತಿತ್ತೇನು? ಜೀವ ಕೊಡೋವಷ್ಟು ಅವಸರ ಯಾಕ?"

"ರೊಟ್ಟಿ ಆರಿದ್ರ ತೊಗೊಳಂಗಿಲ್ಲ ಅವರು. ಆ ಅಂಡರ್ ಬ್ರಿಡ್ಜಿನಾಗ ಮೊಣಕಾಲು ಮಟ ನೀರು. ನೀರಿಲ್ಲದ ಕಡೆ ಕುಡುಕರು ಕುಂತಿರ್ತಾರ. ಒಬ್ಬಾಕಿ ಹೆಂಗ ಹೋಗ್ಲಿ?"

"ನಾನು ದಿನಾ ಹೋಗ್ತೀನಲ್ಲ. ನೀರು ಅಷ್ಟೇನಿಲ್ಲ."

"ನೀವು ಗಾಡಿ ಮ್ಯಾಲೆ ಹೋಗ್ತೀರಿ."

"ಮಾತಿಗೆ ಮಾತು ಕಲ್ತೀದಿ."

ಓಣಿಯೂ ಸುಮ್ಮನಿರಲಿಲ್ಲ. ಯಮ ಕರೆದವಳ ಕೈಯ ರೊಟ್ಟಿ ಎಂದು ಖಾನಾವಳಿಯಲ್ಲಿ ಉಣ್ಣುವ ಓಣಿಯ ಕೂಲಿಯವರು ಗೊಣಗಿದರು. ಪಕೀರಮ್ಮ ಅರಿಶಿನ ಕುಂಕುಮಕ್ಕೆ ಕರೆಯುವುದನ್ನು ಬಿಟ್ಟಳು. ಒಂದು ದಿನ ಮಳೆಯಲ್ಲಿ ನೆನೆದು ರೇಣುಕಮ್ಮನಿಗೆ ಜ್ವರ ಬಂತು. ಅಂದು ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಎರ್ರಿಯಪ್ಪ ಅವಳ ಹಾಸಿಗೆಯ ಹತ್ತಿರ ಕೂತು, ಬಾಯಿಗೆ ಟವೆಲ್ ಒತ್ತಿ ಹಿಡಿದುಕೊಂಡಿದ್ದ. ವೇಷ ಹಾಕುವುದನ್ನು ಅವನು ಗುರುವಾರದಿಂದಲೇ ನಿಲ್ಲಿಸಿದ್ದ.

"ಮಾವ, ಜ್ವರ ಬಂದೈತಿ ಅಷ್ಟ. ಒಂದು ಗುಳಿಗಿ ನುಂಗಿದ್ರ ಹೋಗ್ತೈತಿ. ಹಿಂಗ್ಯಾಕ ಕುಂತೀರಿ?"

"ನಾನು ಪಾಪಿ ಯವ್ವಾ."

"ನೀವು ಕರೀಲಿಲ್ಲಂದ್ರ ನಾನು ಈಗ ಇರ್ತಿದ್ದಿಲ್ಲ."

"ಕರದದ್ದಕ್ಕ ನಾಳಿ ಇಲ್ಲದಂಗ ಆದ್ರ?"

ಜ್ವರ ಎರಡೇ ದಿನಕ್ಕೆ ಇಳಿಯಿತು. ಭಯ ಇಳಿಯಲಿಲ್ಲ. ದೀಪಾವಳಿ ಕಳೆಯುವ ತನಕ ರೇಣುಕಮ್ಮನನ್ನು ದರೋಜಿಯ ತವರಿಗೆ ಕಳಿಸುವುದೆಂದು ಜಂಬುನಾಥ ತೀರ್ಮಾನ ಮಾಡಿದ. ಅದೂ ರೈಲಿನಲ್ಲಿ ಬೇಡ, ಬಸ್ಸಿನಲ್ಲಿ.

"ನಾನು ಹೋಗಂಗಿಲ್ಲ," ಎಂದಳು ಅವಳು. ಆ ಮನೆಗೆ ಬಂದು ಹತ್ತೊಂಬತ್ತು ವರ್ಷದಲ್ಲಿ ಅವಳು ಏರಿದ ಧ್ವನಿಯಲ್ಲಿ ಮಾತಾಡಿದ್ದು ಅದೇ ಮೊದಲು. "ಹೋದ್ರ ಖಾನಾವಳಿಗೆ ದಿನಾ ಕೊಡೋ ನನ್ನ ರೊಟ್ಟಿ ವರ್ತನಿ ಬ್ಯಾರೆಯವರಿಗೆ ಹೋಗ್ತೈತಿ. ತಿರುಗಿ ಸಿಗಂಗಿಲ್ಲ. ಅಲ್ಲಿ ನಮ್ಮವ್ವಗ ಏನಂತ ಹೇಳ್ಲಿ? ಸಾಯಾಕ ಕಳಿಸ್ಯಾರ ಅಂತ ಹೇಳ್ಲೇನು?"

"ಬಾಯಿ ಬಿಟ್ಟು ಅನಿಷ್ಟ ಮಾತಾಡಬ್ಯಾಡ!" ಎಂದ ಜಂಬುನಾಥ.

"ಅನಿಷ್ಟ ಮಾಡಿದ್ದು ನಾನಲ್ಲ. ಬದುಕಿದಾಕಿನ್ನ ದಿನಾ ಸಾಯಿಸಾಕ ಹತ್ತೀರಿ ನೀವು."

ಆದರೂ ಸೋಮವಾರ ಹೊರಡುವುದೆಂದು ಚೀಲ ಕಟ್ಟಿಟ್ಟರು.

ಅಲ್ಲಿಯ ತನಕ ವರ್ತನೆ ಕೈ ತಪ್ಪಬಾರದೆಂದು ಶನಿವಾರ ಬಸಕ್ಕನೇ ಬುಟ್ಟಿ ಹೊತ್ತಳು. ಅವಳ ಮನಸ್ಸಿನಲ್ಲಿ ಇನ್ನೊಂದೂ ಇತ್ತು. "ಆ ದಾರಿ ಎಷ್ಟು ಹೊತ್ತು ಹಿಡಿತೈತಿ ನಾನ ನೋಡ್ತೀನಿ. ಆಕಿ ಹೇಳೋದ್ರಾಗ ಸುಳ್ಳು ಇದ್ರ ಸಿಕ್ಕೇ ಸಿಗ್ತೈತಿ." ಹತ್ತೂ ಮುಕ್ಕಾಲಿಗೆ ಹೊರಟಳು. ಓಣಿ ಬಿಟ್ಟು ಆ ಕಡೆ ಕಾಲಿಟ್ಟು ಅವಳಿಗೆ ಎರಡು ವರ್ಷವೇ ಆಗಿತ್ತು.

ಅಂಡರ್ ಬ್ರಿಡ್ಜಿನಲ್ಲಿ ನೀರು ಮೊಣಕಾಲಿನ ಮೇಲಿತ್ತು. ನೀರೆತ್ತುವ ಮೋಟರ್ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿತ್ತು. ಮೋಟರ್ ಇಟ್ಟವರು ಒಬ್ಬರು, ಅದಕ್ಕೆ ಕರೆಂಟು ಕೊಡಬೇಕಾದವರು ಇನ್ನೊಬ್ಬರು ಎಂದು ದಾರಿಹೋಕನೊಬ್ಬ ಹೇಳಿದ. ಬೈಕೊಂದು ನೀರು ಸಿಡಿಸಿ ಅವಳನ್ನು ಸೊಂಟದ ತನಕ ತೋಯಿಸಿತು. ಒಣ ಕಟ್ಟೆಯ ಮೇಲೆ ಸೀಸೆ ಇಟ್ಟುಕೊಂಡು ಕೂತ ಇಬ್ಬರು, "ಅಜ್ಜೀ, ರೊಟ್ಟಿ ಜತಿಗೆ ಚಟ್ನಿ ಐತೇನು?" ಎಂದು ನಕ್ಕರು. ಅರವತ್ತೊಂದು ವರ್ಷದವಳಿಗೇ ಹೀಗಾದರೆ! ಅವಳು ಗೋಡೆ ಹಿಡಿದು, ಬುಟ್ಟಿ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟಳು. ಖಾನಾವಳಿ ಮುಟ್ಟಿದಾಗ ಹನ್ನೊಂದೂ ಮುಕ್ಕಾಲು. ಪಂಪೇಶ ರೊಟ್ಟಿ ಮುಟ್ಟಿ ನೋಡಿ, "ಆರ್ಯಾವಲ್ಲಬೇ" ಎಂದ. ಪಂಪೇಶ ಅರವತ್ತೈದು ದಾಟಿದ, ಬಾಯಲ್ಲಿ ಹಲ್ಲಿಲ್ಲದ ಮನುಷ್ಯ. ಅದನ್ನೂ ಬಸಕ್ಕ ನೋಡಿಕೊಂಡಳು.

ಮನೆಗೆ ಬಂದಾಗ ಒಂದು ಗಂಟೆ. ಬಸಕ್ಕ ಮಾತಾಡದೆ ಕೂತದ್ದು ನೋಡಿ ಸ್ಫೂರ್ತಿಗೆ ಗಾಬರಿಯಾಗಿ ನೀರು ತಂದಳು. ಬಸಕ್ಕ ನೀರು ಕುಡಿದು, ಎದ್ದು, ಸೊಸೆಯ ಚೀಲ ಬಿಚ್ಚಿ, ಒಂದೊಂದೇ ಸೀರೆ ತೆಗೆದು ಹಗ್ಗಕ್ಕೆ ಹಾಕಿದಳು.

"ಏನ್ ಮಾಡಾಕ ಹತ್ತೀಬೇ?" ಎಂದ ಜಂಬುನಾಥ.

"ಆಕಿ ಹೇಳಿದ್ದು ಖರೇ ಐತಿ. ನೀನು ಗಾಡಿ ಇಳದು ಒಮ್ಮೆ ಬುಟ್ಟಿ ಹೊತ್ತು ಆ ನೀರಿನಾಗ ನಡಿ. ಆಮ್ಯಾಲೆ ಕಳಿಸು ದರೋಜಿಗೆ." ಸೊಸೆಯ ಕಡೆ ತಿರುಗಿ, ಮುಖ ನೋಡದೆ ಹೇಳಿದಳು: "ನಾಳಿ ಎರಡು ಬುಟ್ಟಿ ಮಾಡು. ಇಬ್ರೂ ಹೋಗೂಣು. ಇಬ್ರಿದ್ರ ಆ ಕುಡುಕರು ಬಾಯಿ ಬಿಡಂಗಿಲ್ಲ."

"ಅತ್ತಿ, ಆ ಹೆಸರಿಂದು..."

"ಅದು ಬ್ಯಾರೆ," ಎಂದಳು ಬಸಕ್ಕ. ಧ್ವನಿ ಸಣ್ಣಗಾಗಿತ್ತು. "ಅದು ಸುಳ್ಳಲ್ಲ."

ಭಾನುವಾರ ಅಭಿಯಾನದ ಕೊನೆಯ ದಿನ. ಹುಬ್ಬಳ್ಳಿಯಿಂದ ದೊಡ್ಡ ಸಾಹೇಬರು ಬರುತ್ತಾರೆ, ಯಮ ಇಲ್ಲದಿದ್ದರೆ ಮರ್ಯಾದೆ ಹೋಗುತ್ತದೆ ಎಂದು ಶಂಭುಲಿಂಗ ಸಾಹೇಬರು ಬೆಳಿಗ್ಗೆಯೇ ಬಂದು ಕೈ ಮುಗಿದರು. ಎರ್ರಿಯಪ್ಪ ತಲೆ ಅಲ್ಲಾಡಿಸಿದ. ಬಣ್ಣದ ಡಬ್ಬಿ ತಂದು ಅವನ ಮುಂದೆ ಇಟ್ಟವಳು ರೇಣುಕಮ್ಮ.

"ಹಚ್ಚರಿ ಮಾವ. ನನ್ನ ಉಳಿಸಿದ್ದು ಆ ಬಾಯಿ. ಬ್ಯಾರೆಯವರನ್ನೂ ಉಳಿಸ್ಲಿ."

ಅವನು ಬಣ್ಣ ಹಚ್ಚಿಕೊಂಡ. ಕಂಡಿಯ ಹತ್ತಿರ ಜನ ಸೇರಿದ್ದರು. ಯಮ ಇದ್ದ, ಆದರೆ ಮಾತಿರಲಿಲ್ಲ. ಗದೆ ಹಿಡಿದು ಮೂಕನ ಹಾಗೆ ನಿಂತಿದ್ದ. ಸಾಹೇಬರ ಕಡೆಯವರು ಫೋಟೋ ತೆಗೆದರು. ಹತ್ತೂವರೆಗೆ ಬಸಕ್ಕ ಒಂದು ಬುಟ್ಟಿ, ರೇಣುಕಮ್ಮ ಒಂದು ಬುಟ್ಟಿ ಹೊತ್ತು ಅದೇ ದಾರಿಯಲ್ಲಿ ಬಂದರು. ರೇಣುಕಮ್ಮನನ್ನು ಕಂಡು ಓಣಿಯ ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು. ಪಕೀರಮ್ಮ ಮೊಮ್ಮಗನನ್ನು ಸೆರಗಿನೊಳಗೆ ಎಳೆದುಕೊಂಡಳು. ರೇಣುಕಮ್ಮ ಅದನ್ನು ನೋಡಿದಳು. ಬಸಕ್ಕನೂ ನೋಡಿದಳು.

ಬಸಕ್ಕ ನೇರ ದೊಡ್ಡ ಸಾಹೇಬರ ಮುಂದೆ ನಿಂತಳು.

"ಗೋಡಿ ಕಟ್ರಿ, ಯಮನ್ನ ನಿಲ್ಲಿಸ್ರಿ. ಆ ಕೆಳಗಿನ ನೀರು ಯಾರು ತೆಗೀಬೇಕ್ರಿ? ಮೋಟರಿಗೆ ಕರೆಂಟು ಕೊಡ್ರಿ, ಒಂದು ಲೈಟು ಹಾಕ್ರಿ. ಮಂದಿ ಸಾಯಾಕ ಹಳಿ ಮ್ಯಾಲೆ ಬರಂಗಿಲ್ಲ, ಕಾಲು ಒಣಗಿರ್ಲಿ ಅಂತ ಬರ್ತಾರ."

ಸಾಹೇಬರು ಡೈರಿಯಲ್ಲಿ ಬರೆದುಕೊಂಡರು. ಬರೆದರೋ ಸುಮ್ಮನೆ ಗೀಚಿದರೋ ಎಂದು ಬಸಕ್ಕ ಇಣುಕಿ ನೋಡಿದಳು. ಓದು ಬರದು, ಆದರೂ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ನನ್ನ ಹೆಸರು ಕರೀರಿ."

ಎರ್ರಿಯಪ್ಪನ ಗದೆ ಕೆಳಗಿಳಿಯಿತು. "ಹುಚ್ಚು ಹಿಡದೈತೇನಲೇ?"

"ಕರೀರಿ ಅಂದೆ. ಆಕಿ ಒಬ್ಬಾಕಿನ್ನ ಕರದೀರಿ. ಆಕಿ ಒಬ್ಬಾಕಿ ಹೆಂಗ ಹೋಗಬೇಕು? ಸಣ್ಣಾಕಿ. ಪಾಳಿ ಅಂದ್ರ ಪಾಳಿ. ಮನಿಯಾಗ ಹಿರಿಯಾಕಿ ನಾನು, ಮೊದಲು ನಂದು. ಯಮ ಆದ್ರೂ ಪಾಳಿ ತಪ್ಪಿಸೋ ಹಂಗಿಲ್ಲ."

"ಅತ್ತಿ, ಬ್ಯಾಡ!" ರೇಣುಕಮ್ಮ ಅವಳ ಕೈ ಹಿಡಿದಳು. ಬಸಕ್ಕನ ಕೈ ತಣ್ಣಗಿತ್ತು. ಅವಳು ಹೆದರಿದ್ದಳು. ಕರೆದರೆ ಹೋಗಬೇಕೆಂಬುದನ್ನು ಆ ಗುಂಪಿನಲ್ಲಿ ಅವಳಷ್ಟು ನಂಬಿದವರು ಇನ್ನೊಬ್ಬರಿರಲಿಲ್ಲ. ಹಾಲಿನವನನ್ನು ನಂಬದವಳು, ಗಂಡನ ಆಣೆಯನ್ನು ನಂಬದವಳು, ಇದೊಂದನ್ನು ಪೂರಾ ನಂಬಿದ್ದಳು.

"ಹೆದರಿಕಿ ಆಗ್ತೈತಿ. ಜಲ್ದಿ ಕರೀರಿ," ಎಂದಳು ಗಂಡನಿಗೆ.

ನಲವತ್ತೆರಡು ವರ್ಷದ ಸಂಸಾರದಲ್ಲಿ ಎರ್ರಿಯಪ್ಪ ಹೆಂಡತಿಯ ಹೆಸರನ್ನು ಒಮ್ಮೆಯೂ ಹೇಳಿದವನಲ್ಲ. ಲೇ, ಇಕಿ, ಜಂಬುನ ಅವ್ವ, ಅಷ್ಟೇ. ಕಣ್ಣೀರು ಕೆನ್ನೆಯ ಕರಿ ಬಣ್ಣದಲ್ಲಿ ಎರಡು ಗೆರೆ ಎಳೆಯಿತು.

"ಬಸಕ್ಕಾ," ಎಂದ.

"ಓ," ಎಂದಳು ಅವಳು, ಎಲ್ಲರಿಗೂ ಕೇಳುವ ಹಾಗೆ. "ಕೇಳ್ತು. ಪಾಳಿಯಾಗ ಅದೀನಿ. ಈಗ ಬರಾಕ ಆಗಂಗಿಲ್ಲ, ರೊಟ್ಟಿ ಆರ್ತಾವ."

ಬುಟ್ಟಿ ಸರಿಮಾಡಿಕೊಂಡು ಅಂಡರ್ ಬ್ರಿಡ್ಜಿನ ಕಡೆ ಹೊರಟಳು. ರೇಣುಕಮ್ಮ ಓಡಿ ಬಂದು ಅವಳ ಪಕ್ಕಕ್ಕೆ ಸೇರಿದಾಗ ಮೊಣಕೈಯಿಂದ ತಿವಿದು ಸರಿಸಿದಳು.

"ಜತಿಗೆ ಬರಬ್ಯಾಡ. ನನ್ನ ಹಿಂದ ನಡಿ."

ರೇಣುಕಮ್ಮ ಒಂದು ಹೆಜ್ಜೆ ಹಿಂದಾಗಿ ನಡೆದಳು.